ಹತ್ತಿಯ ಹಿಮ

ಈ ಸಂಚಿಕೆ ಓದುಗರ ಕೈಸೇರುವ ವೇಳೆಗೆ ಮುಂಬಯಿಯ ಅಂಗಡಿಗಳ ಗಾಜಿನ ಹಿಂದೆ ಹತ್ತಿಯ ಹಿಮ ಬಿದ್ದಿರುತ್ತದೆ. ಹೊರಗೆ ಮಧ್ಯಾಹ್ನದ ಬೆವರು. ಒಳಗೆ ಪ್ಲಾಸ್ಟಿಕ್ ಮರದ ಮೇಲೆ ಬಿಳಿಯ ತುಣುಕುಗಳು, ಪಕ್ಕದಲ್ಲಿ ಉಣ್ಣೆಯಂಗಿ ತೊಟ್ಟ ಮುದುಕ. ಇದನ್ನು ಕಂಡು ನಗುವುದು ಸುಲಭ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಯಾವುದೋ ನಾಡಿನ ಹವೆ ಒಂದು ಧರ್ಮದ ಪವಿತ್ರ ಕಥನಕ್ಕೆ ಅಂಟಿಕೊಂಡದ್ದು ಹೇಗೆ? ಅಂಟಿಕೊಂಡ ಮೇಲೆ ಆ ಕಥನದಲ್ಲಿ ಮುಚ್ಚಿಹೋದದ್ದು ಏನು?

ಸುವಾರ್ತೆಗಳ ಜನನ ಪ್ರಸಂಗದಲ್ಲಿ ಹಿಮವಿಲ್ಲ. ಮಾರ್ಕ, ಯೋಹಾನರು ಹುಟ್ಟಿನ ಕಥೆಯನ್ನೇ ಹೇಳುವುದಿಲ್ಲ. ಹೇಳುವ ಮತ್ತಾಯ, ಲೂಕರಿಬ್ಬರೂ ಋತು ಯಾವುದೆಂದು ತಿಳಿಸಿಲ್ಲ. ರೋಮಿನಲ್ಲಿ ಡಿಸೆಂಬರ್ 25ರ ಆಚರಣೆಗೆ ದೊರೆಯುವ ಹಳೆಯ ದಾಖಲೆ ನಾಲ್ಕನೆಯ ಶತಮಾನದ್ದು. ಲೂಕನ ಗಮನವೆಲ್ಲ ಪ್ರಭುತ್ವದ ಮೇಲಿದೆ. ಚಕ್ರವರ್ತಿ ಅಗಸ್ಟಸನ ಆಜ್ಞೆಯಾಗಿದೆ. ನಜರೇತಿನ ಯೋಸೇಫ ತುಂಬು ಗರ್ಭಿಣಿಯಾದ ಮರಿಯಳೊಡನೆ ನೂರು ಕಿಲೋಮೀಟರಿಗೂ ಮೀರಿದ ದಾರಿ ಸವೆಸಿ, ವಂಶದ ಮೂಲ ಊರಾದ ಬೆತ್ಲೆಹೇಮಿನಲ್ಲಿ ಹೆಸರು ಬರೆಸಬೇಕು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು, ಒಂದು ಪ್ರಮಾಣಪತ್ರಕ್ಕಾಗಿ ‘ನಿಮ್ಮ ಊರಿಗೇ ಹೋಗಿ ತನ್ನಿ’ ಎಂಬ ಮಾತು ಕೇಳಿಸಿಕೊಂಡ ಹೊರನಾಡಿಗರಿಗೆ ಈ ಪ್ರಸಂಗವನ್ನು ವಿವರಿಸಬೇಕಾಗಿಲ್ಲ. ತಂಗಲು ಸ್ಥಳವಿಲ್ಲ, ಕೂಸು ಮಲಗುವುದು ದನಗಳ ಗೋದಲಿಯಲ್ಲಿ. ಸುದ್ದಿ ಮೊದಲು ಮುಟ್ಟುವುದು ರಾತ್ರಿಯಿಡೀ ಬಯಲಿನಲ್ಲಿ ಮಂದೆ ಕಾಯುವ ಕುರುಬರಿಗೆ. ಮತ್ತಾಯನಲ್ಲಿ ಕಥೆ ಇನ್ನೂ ಕಠೋರ: ಹೆರೋದನ ಅಪ್ಪಣೆಯಿಂದ ಶಿಶುಹತ್ಯೆ, ಈಜಿಪ್ಟಿಗೆ ಪಲಾಯನ. ದೇವರು ಮನುಷ್ಯನಾದನೆಂಬುದು ಕ್ರೈಸ್ತರ ನಂಬಿಕೆ. ಎಂಥ ಮನುಷ್ಯನಾದನೆಂಬುದಕ್ಕೆ ಈ ವಿವರಗಳೇ ಉತ್ತರ. ಅರಮನೆಯನ್ನು ಬಿಟ್ಟು, ನೆಲೆಯಿಲ್ಲದವರ ಕೂಸಾಗಿ ಬಂದ; ಮಾತು ಕಲಿಯುವ ಮೊದಲೇ ನಿರಾಶ್ರಿತನಾದ.

ಹಿಮ ಇದಕ್ಕೆ ಸೇರಿದ್ದು ಬಹಳ ತಡವಾಗಿ, ಮುಖ್ಯವಾಗಿ ಇಂಗ್ಲೆಂಡಿನಲ್ಲಿ. ಚಾರ್ಲ್ಸ್ ಡಿಕನ್ಸ್ ಹುಟ್ಟಿದ್ದು 1812ರಲ್ಲಿ. ಆತನ ಬಾಲ್ಯದ ದಶಕ ಅಲ್ಲಿ ಅಸಾಧಾರಣ ಚಳಿಯದು. 1814ರಲ್ಲಿ ಹೆಪ್ಪುಗಟ್ಟಿದ ಥೇಮ್ಸ್ ನದಿಯ ಮೇಲೆ ಲಂಡನ್ನಿನವರು ಜಾತ್ರೆಯನ್ನೇ ನೆರೆಸಿದ್ದರು. 1843ರ ಅವನ ‘ಎ ಕ್ರಿಸ್‌ಮಸ್ ಕ್ಯಾರೊಲ್’ ಕೃತಿಯಲ್ಲಿ ಹಿಮ ಮತ್ತು ಬಡವರ ಮೇಲಣ ಕರುಣೆ ಒಟ್ಟಿಗೇ ಬಂದವು. ಅದೇ ವರ್ಷ ಹೆನ್ರಿ ಕೋಲ್ ಅಚ್ಚು ಹಾಕಿಸಿದ ಮೊದಲ ಶುಭಾಶಯ ಪತ್ರದ ನಡುವೆ ಪಾನಪಾತ್ರೆ ಹಿಡಿದ ಒಂದು ಕುಟುಂಬ, ಅಕ್ಕಪಕ್ಕಗಳಲ್ಲಿ ಬಡವರಿಗೆ ಅನ್ನ, ಬಟ್ಟೆ ನೀಡುವ ಚಿತ್ರ. ಹಿಮದ ಹೊದಿಕೆಯ ಪತ್ರಗಳು ರಾಶಿರಾಶಿಯಾಗಿ ಬಂದದ್ದು ಆಮೇಲೆ. ಬಂದ ಹಿಮ ಉಳಿಯಿತು. ಕರುಣೆ ಚಿತ್ರದ ಅಂಚಿನಿಂದ ಜಾರಿತು.

1872ರಲ್ಲಿ ಕ್ರಿಸ್ಟಿನಾ ರೊಸೆಟ್ಟಿ ತನ್ನ ಒಂದು ಕವಿತೆಯಲ್ಲಿ ಕ್ರಿಸ್ತಜನನದ ರಾತ್ರಿಗೇ ಹಿಮ ಸುರಿಸಿದಳು. ಆಕೆಯನ್ನು ದೂರಲಾರೆ. ಅವಳಲ್ಲಿ ಅದು ಅಲಂಕಾರವಾಗಿರದೆ ಮರಗಟ್ಟಿದ ಲೋಕದ ಪ್ರತಿಮೆಯಾಗಿದೆ. ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುವ ನಾಡಿನವರು ಆ ಜನನವನ್ನು ತಮ್ಮ ಕತ್ತಲೆಯೊಳಗೆ ಬರಮಾಡಿಕೊಂಡರೆ ತಪ್ಪೇನು? 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಗ್ರೆಚ್ಚೊ ಎಂಬ ಊರಿನಲ್ಲಿ ಎತ್ತು, ಕತ್ತೆ, ಒಣಹುಲ್ಲು ತರಿಸಿ ಗೋದಲಿಯನ್ನು ಕಣ್ಣೆದುರು ನಿಲ್ಲಿಸಿದ್ದೂ ಇದೇ ಹಂಬಲದಿಂದ. ಗೋವೆಯ ಮನೆಗಳಲ್ಲಿ ಹಬ್ಬಕ್ಕೆ ಮುಂಚೆ ರಾಗಿ ಬಿತ್ತಿ, ಮೊಳಕೆಯ ಹಸಿರನ್ನು ಗೋದಲಿಯ ಸುತ್ತ ಹೊಲವಾಗಿಸುತ್ತಾರೆ. ರಾಗಿಯ ಪೈರಿನ ನಡುವೆ ಮಲಗಿದ ಯೇಸು ನನಗಂತೂ ಹತ್ತಿಯ ಹಿಮದವನಿಗಿಂತ ಬೆತ್ಲೆಹೇಮಿಗೆ ಹತ್ತಿರದವನು. (ನಮ್ಮ ನುಡಿಯಾದರೋ ಇಬ್ಬನಿಗೂ ಹಿಮಕ್ಕೂ ‘ಮಂಜು’ ಎಂದು ಸುಮ್ಮನಾಗಿದೆ!) ಇನ್ನು 1942ರ ‘ವೈಟ್ ಕ್ರಿಸ್‌ಮಸ್’ ಹಾಡಿನಲ್ಲಿ ಹಿಮ ಮಾತ್ರ ಉಳಿದು, ಕ್ರಿಸ್ತ ಕಾಣೆಯಾಗಿದ್ದಾನೆ.

ಬೆತ್ಲೆಹೇಮಿನಲ್ಲಿ ಹಿಮ ಬೀಳುವುದೇ ಇಲ್ಲವೆಂದಲ್ಲ. ಅದು ಗುಡ್ಡದ ಮೇಲಿನ ಊರು. 2013ರ ಡಿಸೆಂಬರಿನ ಬಿರುಗಾಳಿಯಲ್ಲಿ ಅಲ್ಲಿಯೂ ಜೆರೂಸಲೇಮಿನಲ್ಲಿಯೂ ಹಿಮ ಸುರಿಯಿತು. ಅದೇ ಗಾಳಿಮಳೆಗೆ ಗಾಜಾದಲ್ಲಿ ಸಾವಿರಾರು ಜನ ನೆರೆಯಿಂದ ಮನೆ ತೊರೆದರು. ಲೆಬನಾನಿನ ಬೆಕಾ ಕಣಿವೆಯಲ್ಲಿ ಸಿರಿಯಾದ ನಿರಾಶ್ರಿತರ ಗುಡಾರಗಳ ಮೇಲೂ ಹಿಮ ಬಿತ್ತು. ಲೂಕ, ಮತ್ತಾಯರನ್ನು ಓದಿದವರಿಗೆ ಆ ಗುಡಾರಗಳ ಗುರುತು ಹತ್ತಬೇಕು. ಮತ್ತೆ 2023ರಲ್ಲಿ, ಗಾಜಾ ಯುದ್ಧದ ನಡುವೆ, ಬೆತ್ಲೆಹೇಮಿನಲ್ಲಿ ಹಬ್ಬದ ಸಡಗರವನ್ನು ಕೈಬಿಟ್ಟರು. ಅಲ್ಲಿನ ಲೂಥರನ್ ಚರ್ಚಿನಲ್ಲಿ ಶಿಶುವಿನ ಮೂರ್ತಿಯನ್ನು ಒಡೆದ ಕಾಂಕ್ರೀಟಿನ ರಾಶಿಯ ನಡುವೆ ಮಲಗಿಸಿದ್ದರು.

ದೀಪಾವಳಿಗೆ, ರಾಜ್ಯೋತ್ಸವಕ್ಕೆ ಪುಟಗಟ್ಟಲೆ ಬರೆಯುವ ನಮ್ಮ ಸಂಘಗಳ ಪತ್ರಿಕೆಗಳು ಕ್ರಿಸ್‌ಮಸ್ಸಿಗೆ ಒಂದು ಶುಭಾಶಯದ ಸಾಲಿನಲ್ಲಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಹೊರನಾಡಿನ ಕ್ರೈಸ್ತ ಕನ್ನಡಿಗರು ತಮ್ಮ ಮನೆಯ ಗೋದಲಿಯ ಬಗ್ಗೆ, ಅದನ್ನು ಯಾವುದರಿಂದ ಕಟ್ಟುತ್ತಾರೆಂಬುದರ ಬಗ್ಗೆ ಬರೆದು ಕಳುಹಿಸಲಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಸ್ಥಳ ಕಾದಿರಿಸಿದ್ದೇನೆ.