ಹುಚ್ಚುನಾಯಿಯ ಕಡಿತವೂ ನಮ್ಮ ಉದಾಸೀನವೂ

ಶಿವಮೊಗ್ಗೆಯಿಂದ ಸಾಗರದ ಹಾದಿಯಲ್ಲಿ ತ್ಯಾವರೆಕೊಪ್ಪಕ್ಕೆ ಹೋಗುವ ಮಹಾಜನರು, ಅಲ್ಲಿಯ ಹುಲಿ ಸಿಂಹಗಳನ್ನು ಜಾಲರಿ ಹಾಕಿದ ವಾಹನದಲ್ಲಿ ಕುಳಿತು, ಮಕ್ಕಳ ಕೈಯನ್ನು ಬಿಗಿಯಾಗಿ ಹಿಡಿದು ನೋಡುತ್ತಾರೆ. ಹೊರಗೆ ಬಂದೊಡನೆ ಆ ಹಿಡಿತ ಸಡಿಲುತ್ತದೆ; ಮಗುವು ಬೀದಿಯ ನಾಯಿಗೆ ಬಿಸ್ಕತ್ತು ನೀಡಲು ಓಡುತ್ತದೆ. ನಾವು ನಾಯಿಯ ದ್ವೇಷಿಗಳಲ್ಲ. ಆದರೆ ರೇಬೀಸ್ ರೋಗದಿಂದ ಲೋಕದಲ್ಲಿ ವರ್ಷಕ್ಕೆ ಸುಮಾರು 59,000 ಜನರು ಸಾಯುತ್ತಾರೆಂದೂ, ಅವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳೆಂದೂ, ಹೆಚ್ಚುಕಡಿಮೆ ಎಲ್ಲರಿಗೂ ರೋಗ ತಗಲಿದ್ದು ನಾಯಿಯಿಂದಲೇ ಎಂದೂ ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಿರುವಾಗ, ನಮ್ಮ ಭಯವು ತಪ್ಪು ಕಡೆಗೆ ತಿರುಗಿದೆಯೆನ್ನಬೇಕಾಗಿದೆ.

ಜೊಲ್ಲಿನೊಡನೆ ಗಾಯವನ್ನು ಹೊಕ್ಕ ವಿಷಾಣುವು ನರಗಳ ಮಾರ್ಗವಾಗಿ ಮೆಲ್ಲಮೆಲ್ಲನೆ ಮಿದುಳಿನತ್ತ ಸಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ವಾರಗಳೋ ತಿಂಗಳುಗಳೋ ಹಿಡಿಯುವುವು. ನಮಗಿರುವ ಅವಕಾಶ ಅಷ್ಟೇ. ನೀರನ್ನು ಕಂಡು ಗಂಟಲು ಬಿಗಿಯತೊಡಗಿದ ಮೇಲೆ ವೈದ್ಯನ ಕೈಯಲ್ಲಿ ಉಳಿಸುವ ಮದ್ದಿಲ್ಲ. ಆದುದರಿಂದ ಕಡಿದ ಕೂಡಲೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯತಕ್ಕದ್ದು. ಸುಣ್ಣ, ಅರಿಸಿನ, ಮೆಣಸಿನಪುಡಿ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಆರಂಭಿಸಬೇಕು. ರಕ್ತ ಬಂದಿದ್ದರೆ ಗಾಯದೊಳಗೇ ಇಮ್ಯುನೊಗ್ಲೊಬ್ಯುಲಿನ್ ಹಾಕಿಸಬೇಕು. ಮಂತ್ರಿಸಿದ ದಾರವನ್ನು ನಂಬಿದವರೂ ಬದುಕಿಲ್ಲವೆ ಎಂದು ಕೇಳುವವರುಂಟು. ಕಡಿದ ನಾಯಿಗಳೆಲ್ಲ ಹುಚ್ಚಿನವಲ್ಲ. ಮಂತ್ರವಾದಿಯ ಕೀರ್ತಿಯೆಲ್ಲ ಅದರಲ್ಲಿಯೇ ಇದೆ.

ಉಪಾಧ್ಯಾಯರಲ್ಲಿ ನಮ್ಮದೊಂದು ವಿಜ್ಞಾಪನೆ. ಹೊಕ್ಕುಳ ಸುತ್ತ 14 ಚುಚ್ಚುಮದ್ದೆಂಬ ಕಥೆಯನ್ನು ಹಿರಿಯರಿಂದ ಕೇಳಿದ ಹುಡುಗನು, ಬೈಗುಳಕ್ಕೂ ಸೂಜಿಗೂ ಹೆದರಿ, ಮೀನಖಂಡದ ಗೀರನ್ನು ಮರೆಮಾಡುತ್ತಾನೆ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಹಳೆಯ ಮದ್ದು 2005ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗ ನಾಲ್ಕೈದು ಸಲ ತೋಳಿಗೆ ಹಾಕಿಸಿಕೊಂಡರೆ ಸಾಕು. ಇದನ್ನು ತರಗತಿಯಲ್ಲಿ ಹೇಳಿ, ಯಾರಿಗಾದರೂ ನಾಯಿ ಕಡಿದಿದೆಯೆ, ಪರಚಿದೆಯೆ ಎಂದು ವಾರಕ್ಕೊಮ್ಮೆ ಸಿಟ್ಟಿಲ್ಲದೆ ಕೇಳಬೇಕು.

ಮಲೆನಾಡಿನ ರೈತನಿಗೆ ಇನ್ನೊಂದು ಅಪಾಯ. ಮೇವು ಬಿಟ್ಟು ಜೊಲ್ಲು ಸುರಿಸುವ ಹಸುವಿನ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಗೆದು, ಬರಿಗೈಯನ್ನು ಅದರ ಬಾಯೊಳಗೆ ಹಾಕುತ್ತಾನೆ. ಆ ಹಸುವಿಗೆ ರೇಬೀಸ್ ತಗಲಿದ್ದರೆ ಗತಿಯೇನು? ಕೈ ಹಾಕುವ ಮುನ್ನ ಪಶುವೈದ್ಯರನ್ನು ಕರೆಯಬೇಕು. ಶಿವಮೊಗ್ಗೆಯಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವುದಷ್ಟೆ.

ಮನುಷ್ಯರಲ್ಲಿ ಈ ರೋಗ ಕಂಡರೆ ವರದಿ ಮಾಡಲೇಬೇಕೆಂದು ರಾಜ್ಯ ಸರಕಾರವು 2022ರಲ್ಲಿ ವಿಧಿಸಿತು. ಒಳ್ಳೆಯದೇ, ಆದರೆ ವರದಿಯು ಬರುವುದು ಮನುಷ್ಯನು ಕೈಬಿಟ್ಟುಹೋಗುವ ಹೊತ್ತಿಗೆ. ರೋಗದ ಬೇರು ಇರುವುದು ನಾಯಿಯಲ್ಲಿ. ನಾಯಿಗಳನ್ನು ಕೊಂದರೆ ತೆರವಾದ ಬೀದಿಗೆ ಲಸಿಕೆಯಿಲ್ಲದ ಬೇರೆ ನಾಯಿಗಳು ಬಂದು ಸೇರುತ್ತವೆ. ನೂರರಲ್ಲಿ 70 ನಾಯಿಗಳಿಗೆ ಲಸಿಕೆ ಬಿದ್ದರೆ ರೋಗದ ಸರಪಳಿ ತುಂಡಾಗುತ್ತದೆ. ಶಿವಮೊಗ್ಗ, ಭದ್ರಾವತಿಗಳ ಪೌರಾಡಳಿತದವರೂ ಸುತ್ತಣ ಪಂಚಾಯತಿಗಳವರೂ ತಮ್ಮ ಎಲ್ಲೆಯೊಳಗೆ ನಾಯಿಗಳೆಷ್ಟು, ಅವುಗಳಲ್ಲಿ ಈ ವರ್ಷ ಲಸಿಕೆ ಪಡೆದವೆಷ್ಟು ಎಂಬ ಎರಡು ಅಂಕಿಗಳನ್ನು ಕಚೇರಿಯ ಬಾಗಿಲಿಗೆ ಬರೆದು ಹಾಕಲಿ.