‘ಮೇಕ್’ ಎನ್ನಬೇಕೋ, ‘ಡೂ’ ಎನ್ನಬೇಕೋ?

ಇಷ್ಟು ವರುಷ ಇಂಗ್ಲಿಷು ಕಲಿತ ಹುಡುಗಿಯು ‘ಐ ಡಿಡ್ ಎ ಮಿಸ್ಟೇಕ್’ ಎಂದು ಬರೆಯುವುದೇಕೆಂದು ಮಾತಾಪಿತೃಗಳು ನಮ್ಮನ್ನು ಆಗಾಗ ಕೇಳುವುದುಂಟು. ವ್ಯಾಕರಣದ ಅಭ್ಯಾಸ ಸಾಲದೆಂಬುದು ಅವರ ಊಹೆ. ನಮ್ಮ ಅಭಿಪ್ರಾಯವು ಬೇರೆ.

ಕನ್ನಡದಲ್ಲಿ ನಾವು ತಪ್ಪು ಮಾಡುತ್ತೇವೆ, ಲೆಕ್ಕ ಮಾಡುತ್ತೇವೆ, ಪ್ರಾರ್ಥನೆ ಮಾಡುತ್ತೇವೆ, ಸ್ನಾನ ಮಾಡುತ್ತೇವೆ. ನಾಲ್ಕಕ್ಕೂ ‘ಮಾಡು’ ಎಂಬುದೊಂದೇ ಸಾಕು. ಇಂಗ್ಲಿಷಿನವರಾದರೋ ತಪ್ಪಿಗೆ ‘ಮೇಕ್’, ಲೆಕ್ಕಕ್ಕೆ ‘ಡೂ’, ಪ್ರಾರ್ಥನೆಗೆ ‘ಸೇ’, ಸ್ನಾನಕ್ಕೆ ‘ಹ್ಯಾವ್’ ಅಥವಾ ‘ಟೇಕ್’ ಎನ್ನುತ್ತಾರೆ. ಹೊಸತನ್ನು ಉಂಟುಮಾಡುವುದಕ್ಕೆ ‘ಮೇಕ್’, ಕೆಲಸವನ್ನು ನೆರವೇರಿಸುವುದಕ್ಕೆ ‘ಡೂ’ ಎಂಬ ಸೂತ್ರವನ್ನು ನಾವೂ ಕಲಿಸಿದ್ದೇವೆ. ಅದು ಕೊಂಚ ದೂರ ಕೈಹಿಡಿದು ನಡೆಸುವುದು ನಿಜ. ಆದರೆ ಹಾಸಿಗೆಯನ್ನು ಓರಣಪಡಿಸುವುದಕ್ಕೆ ‘ಮೇಕ್ ದ ಬೆಡ್’ ಎನ್ನುವಾಗ ಹೊಸ ಹಾಸಿಗೆಯೇನೂ ಹುಟ್ಟುವುದಿಲ್ಲ. ಅಲ್ಲಿ ಸೂತ್ರವು ಸೋಲುತ್ತದೆ, ರೂಢಿಯು ಆಳುತ್ತದೆ.

ಇದನ್ನು ಇಂಗ್ಲಿಷಿನ ಹಠವೆಂದು ದೂರಲಾಗದು. ನಮ್ಮ ಹುಡುಗಿಯರು ಸೀರೆ ಉಡುತ್ತಾರೆ, ರವಿಕೆ ತೊಡುತ್ತಾರೆ, ಹೂ ಮುಡಿಯುತ್ತಾರೆ, ಪಾದರಕ್ಷೆ ಮೆಟ್ಟುತ್ತಾರೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ವೇರ್’ ಒಂದೇ. ಹೂ ಉಟ್ಟೆನೆಂದು ಯಾವ ಕನ್ನಡ ಮಗುವೂ ಹೇಳದು. ಅದಕ್ಕೆ ಸೂತ್ರವನ್ನು ಕಲಿಸಿದವರು ಯಾರು? ತಾಯಿಯ ಬಾಯಿಂದ ಹೂವಿನೊಡನೆಯೇ ‘ಮುಡಿ’ಯೂ ಅದರ ಕಿವಿಗೆ ಬಿದ್ದಿತು.

ಆದಕಾರಣ ಇಂಗ್ಲಿಷಿನ ಮಾತುಗಳನ್ನೂ ಜೋಡಿಯಾಗಿಯೇ ಕಲಿಸತಕ್ಕದ್ದು. ‘ಮಿಸ್ಟೇಕ್’ ಎಂಬುದನ್ನು ಒಂಟಿಯಾಗಿ ಬಾಯಿಪಾಠ ಮಾಡಿಸದೆ ‘ಮೇಕ್ ಎ ಮಿಸ್ಟೇಕ್’ ಎಂದೇ ಹೇಳಿಸಬೇಕು. ಜಪಾನಿನಲ್ಲಿ ಇಂಗ್ಲಿಷು ಬೋಧಿಸುತ್ತಿದ್ದ ಹಾರ್ನ್‌ಬಿ ಎಂಬವರು ಸಹೋದ್ಯೋಗಿಗಳೊಡನೆ ರಚಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್‌ನವರು ಅದನ್ನು ಪುನಃ ಪ್ರಕಟಿಸಿದರು. ಪರಭಾಷೆಯವರಿಗೆ ಪದದ ಅರ್ಥವಷ್ಟೇ ಸಾಲದು, ಅದು ವಾಕ್ಯದಲ್ಲಿ ಕೂಡುವ ಬಗೆಯೂ ತಿಳಿಯಬೇಕೆಂಬುದನ್ನು ಆ ಗ್ರಂಥವು ಮನಗಂಡಿತ್ತು.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳುತ್ತೇವೆ. ಹಿಂದೊಮ್ಮೆ ಒಬ್ಬ ಬಾಲಿಕೆಯ ‘ಡಿಡ್ ಎ ಮಿಸ್ಟೇಕ್’ ಎಂಬುದನ್ನು ನಾವು ತರಗತಿಯಲ್ಲಿ ಗಟ್ಟಿಯಾಗಿ ಓದಿದೆವು. ಎಲ್ಲರೂ ನಕ್ಕರು. ಆ ವರುಷವೆಲ್ಲ ಆಕೆ ಇಂಗ್ಲಿಷಿನಲ್ಲಿ ಬಾಯಿ ತೆರೆಯಲಿಲ್ಲ. ಆಕೆಯ ತಪ್ಪು ಒಂದು ಕ್ರಿಯಾಪದದ್ದು. ನಮ್ಮದು ಅದಕ್ಕಿಂತ ದೊಡ್ಡದು.

ಪೂರ್ವ ವಿದ್ಯಾರ್ಥಿನಿಯರಾದ ನಿಮ್ಮಲ್ಲಿ ಅನೇಕರು ಈಗ ತಾಯಂದಿರು. ಮನೆಯಲ್ಲಿ ಮಗಳು ಇಂಗ್ಲಿಷಿನಲ್ಲಿ ಎಡವಿದರೆ ನಗಬೇಡಿರಿ, ಸೂತ್ರವನ್ನೂ ಕೇಳಬೇಡಿರಿ. ಸರಿಯಾದ ಮಾತನ್ನು ನೀವೇ ಒಮ್ಮೆ ಹೇಳಿ, ಆಕೆಯನ್ನು ಮುಂದಕ್ಕೆ ಮಾತನಾಡಗೊಡಿರಿ. ‘ಮುಡಿ’ ಎಂಬುದನ್ನು ನಿಮ್ಮ ತಾಯಿ ನಿಮಗೆ ಕಲಿಸಿದ್ದು ಹಾಗೆಯೇ ಅಲ್ಲವೇ?