ಪುಟ್ಟ ಪಿಸ್ತೂಲಿಗೆ ಹೆಚ್ಚಿನ ಹೊರೆ: ಲೆಕ್ಕ ಇಡಬೇಕಾದುದು ವರ್ಷಗಳನ್ನಲ್ಲ, ಗುಂಡುಗಳನ್ನು

ಸಾದಾ ಉಡುಪಿನಲ್ಲಿ ಆರೋಪಿಯ ಬೆನ್ನು ಹತ್ತುವ ಪೊಲೀಸ್ ಅಧಿಕಾರಿಗೆ ಸೊಂಟದಲ್ಲಿ ಎದ್ದು ಕಾಣದ ಪುಟ್ಟ ಪಿಸ್ತೂಲೇ ಅನುಕೂಲ. ಆದರೆ ಆಯುಧ ಕಿರಿದಾದ ಮಾತ್ರಕ್ಕೆ ಕಾಡತೂಸು ಕಿರಿದಾಗುವುದಿಲ್ಲ. ದೊಡ್ಡ ಪಿಸ್ತೂಲಿಗೆ ತುಂಬುವ 9 ಎಂ.ಎಂ. ಕಾಡತೂಸನ್ನೇ ಪುಟ್ಟದಕ್ಕೂ ತುಂಬಲಾಗುತ್ತದೆ. ಆ ಹೊರೆಯನ್ನು ಅದು ಎಷ್ಟು ಕಾಲ ತಾಳೀತು ಎಂಬ ಪ್ರಶ್ನೆ ಮಾತ್ರ ಬೆಲೆ ಮತ್ತು ತೂಕದ ಚರ್ಚೆಯಲ್ಲಿ ಮರೆಯಾಗುವ ಅಪಾಯವಿದೆ.

ಒತ್ತಡದ ಪ್ರಮಾಣ

1902ರಲ್ಲಿ ಜರ್ಮನಿಯಲ್ಲಿ ರೂಪುಗೊಂಡ 9 ಎಂ.ಎಂ. ಕಾಡತೂಸಿಗೆ ಅಮೆರಿಕದ ಶಸ್ತ್ರ ತಯಾರಕರ ಸಂಸ್ಥೆ ನಿಗದಿಪಡಿಸಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 35,000 ಪೌಂಡ್. ಕಾರಿನ ಟೈರಿನೊಳಗಿನ ಒತ್ತಡಕ್ಕೆ ಹೋಲಿಸಿದರೆ ಇದು ಸುಮಾರು ಸಾವಿರ ಪಟ್ಟು. ‘ಪ್ಲಸ್ ಪಿ’ ಎಂದು ಕರೆಯಲಾಗುವ ಅಧಿಕ ಒತ್ತಡದ ಕಾಡತೂಸಿನಲ್ಲಿ ಈ ಮಿತಿ 38,500 ಪೌಂಡ್‌ಗೆ ಏರುತ್ತದೆ. ಇದೇ ಮಾನದಂಡದಲ್ಲಿ .32 ಪಿಸ್ತೂಲಿನ ಕಾಡತೂಸಿನ ಮಿತಿ ಕೇವಲ 20,500 ಪೌಂಡ್. ಭಾರತದಲ್ಲಿ 9 ಎಂ.ಎಂ. ನಾಗರಿಕರಿಗೆ ನಿಷೇಧಿತವಾದ್ದರಿಂದ ಈ ಸಮಸ್ಯೆ ಮುಖ್ಯವಾಗಿ ಪೊಲೀಸ್ ಮತ್ತು ಭದ್ರತಾ ಪಡೆಗಳದು.

ಉತ್ತಮವಾಗಿ ತಯಾರಾದ ಪಿಸ್ತೂಲು ಇಂಥ ಒಂದು ಗುಂಡಿಗೆ ಸಿಡಿಯುವುದಿಲ್ಲ. ಮಾರುಕಟ್ಟೆಗೆ ಬರುವ ಮುನ್ನವೇ ಅದಕ್ಕಿಂತ ಹೆಚ್ಚಿನ ಒತ್ತಡದ ಗುಂಡು ಹಾರಿಸಿ ಅದನ್ನು ಪರೀಕ್ಷಿಸಲಾಗಿರುತ್ತದೆ. ಆದರೆ ಈ ಪರೀಕ್ಷೆ ಹೇಳುವುದು ಆಯುಧದ ಬಲವನ್ನು, ಬಾಳಿಕೆಯನ್ನಲ್ಲ. ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯದು. ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ಮುರಿದೇ ಮುರಿಯುತ್ತದೆ. ಲೋಹದ ಈ ದಣಿವೇ ಪಿಸ್ತೂಲಿನ ಆಯುಷ್ಯವನ್ನು ನಿರ್ಧರಿಸುತ್ತದೆ.

ಸಣ್ಣದಕ್ಕೇ ಪೆಟ್ಟು ಹೆಚ್ಚು

ಗುಂಡು ಹಾರಿದಾಗ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ರಭಸದಿಂದ ಹಿಂದೆ ಸರಿಯುತ್ತದೆ. ಪುಟ್ಟ ಪಿಸ್ತೂಲಿನಲ್ಲಿ ಈ ಭಾಗ ಹಗುರ; ಅದೇ ತಳ್ಳುವಿಕೆಗೆ ಅದರ ವೇಗ ಹೆಚ್ಚು. ಅದನ್ನು ತಡೆಯುವ ಸ್ಪ್ರಿಂಗಿಗೆ ಸಿಗುವ ಜಾಗವೂ ಕಡಿಮೆ. ಗ್ಲಾಕ್ 17ರ ನಳಿಗೆ 114 ಮಿ.ಮೀ. ಇದ್ದರೆ, 1995ರಲ್ಲಿ ಬಂದ ಪುಟ್ಟ ಗ್ಲಾಕ್ 26ರದು ಸುಮಾರು 87 ಮಿ.ಮೀ. ಮಾತ್ರ. ಹೀಗಾಗಿ ಮೊದಲು ಸೋಲುವುದು ಸ್ಪ್ರಿಂಗ್. ಅದು ಸೊರಗಿದ ಮೇಲೆ ಪ್ರತಿ ಪೆಟ್ಟೂ ನೇರವಾಗಿ ಫ್ರೇಮಿನ ಮೇಲೆ ಬೀಳುತ್ತದೆ. ಸ್ಲೈಡ್ ಪೂರ್ತಿ ಮುಚ್ಚದಿರುವುದು, ಖಾಲಿ ತೋಟೆ ಸಿಕ್ಕಿಕೊಳ್ಳುವುದು ಇದರ ಮುನ್ಸೂಚನೆಗಳು.

ಪೂರ್ಣ ಗಾತ್ರದ ಆಯುಧವೂ ಈ ನಿಯಮಕ್ಕೆ ಹೊರತಲ್ಲ. ಅಮೆರಿಕ ಸೇನೆ 1985ರಲ್ಲಿ ಆರಿಸಿಕೊಂಡ ಬೆರೆಟ್ಟಾ ಪಿಸ್ತೂಲಿನ ಸ್ಲೈಡ್‌ಗಳು ಕೆಲವೇ ವರ್ಷಗಳಲ್ಲಿ ಮುರಿದು, ಗುಂಡು ಹಾರಿಸಿದವರೇ ಗಾಯಗೊಂಡರು. ತಪ್ಪು ಲೋಹದ್ದೋ ಅತಿಯಾದ ಒತ್ತಡದ ಮದ್ದುಗುಂಡಿನದ್ದೋ ಎಂಬ ವಾದ ದೀರ್ಘಕಾಲ ನಡೆಯಿತು. ಕೊನೆಗೆ, ಸ್ಲೈಡ್ ಮುರಿದರೂ ಮುಖಕ್ಕೆ ಬಡಿಯದಂತೆ ವಿನ್ಯಾಸವನ್ನೇ ಬದಲಿಸಬೇಕಾಯಿತು.

ಕರ್ನಾಟಕಕ್ಕೆ ಪಾಠ

ದೇಶದ ಪೊಲೀಸ್ ಪಡೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಇಶಾಪುರ ಕಾರ್ಖಾನೆಯ 9 ಎಂ.ಎಂ. ಪಿಸ್ತೂಲು, 1935ರ ಬ್ರೌನಿಂಗ್ ವಿನ್ಯಾಸವನ್ನು ಆಧರಿಸಿದ ಭಾರವಾದ ಉಕ್ಕಿನ ಆಯುಧ. ಅದರ ಆರೈಕೆಗೆ ರೂಢಿಯಾದ ಕ್ರಮವನ್ನೇ ಪುಟ್ಟ ಪಿಸ್ತೂಲಿಗೂ ಅನ್ವಯಿಸಿದರೆ ಸಾಲದು. ಪ್ರತಿ ಆಯುಧವೂ ಹಾರಿಸಿದ ಗುಂಡುಗಳ ಸಂಖ್ಯೆ ಶಸ್ತ್ರಾಗಾರದ ದಾಖಲೆಯಲ್ಲಿರಬೇಕು. ಅಧಿಕ ಒತ್ತಡದವುಗಳ ಲೆಕ್ಕ ಪ್ರತ್ಯೇಕವಾಗಿರಬೇಕು. ತಯಾರಕರು ಸೂಚಿಸಿದ ಸಂಖ್ಯೆ ಮುಟ್ಟಿದೊಡನೆ ಸ್ಪ್ರಿಂಗ್ ಬದಲಾಗಬೇಕು.

ಈ ಹೊಣೆಯನ್ನು ಖರೀದಿ ಒಪ್ಪಂದದಲ್ಲೇ ಸೇರಿಸುವುದು ಹೊಸ ಮಾತೇನಲ್ಲ. ಹುನಗುಂದ ಭಾಗದ ಸುಮಾರು 24 ಸಾವಿರ ಹೆಕ್ಟೇರಿಗೆ ಒತ್ತಡದ ಕೊಳವೆಗಳಲ್ಲಿ ನೀರುಣಿಸಲು ರೂಪಿಸಿದ ರಾಮಥಾಳ–ಮರೋಳ ಹನಿ ನೀರಾವರಿ ಯೋಜನೆಯಲ್ಲಿ ಗುತ್ತಿಗೆದಾರರಿಗೆ ನಿರ್ಮಾಣದ ಜೊತೆಗೆ ನಿರ್ವಹಣೆಯ ಹೊಣೆಯನ್ನೂ ವಹಿಸಲಾಗಿತ್ತು. ಕೊಳವೆಗೆ ಬೇಕೆನಿಸಿದ ಷರತ್ತು, ಜೀವ ಕಾಯುವ ಆಯುಧಕ್ಕೆ ಬೇಡವೇ? ಬಿಡಿಭಾಗ ತಯಾರಿಸುವ ಸಾಮರ್ಥ್ಯಕ್ಕೂ ರಾಜ್ಯದಲ್ಲಿ ಕೊರತೆಯಿಲ್ಲ. ಬೆಂಗಳೂರಿನ ಶಸ್ತ್ರ ತಯಾರಿಕಾ ಸಂಸ್ಥೆ ಎಸ್‌ಎಸ್‌ಎಸ್ ಡಿಫೆನ್ಸ್ ಹುಟ್ಟಿದ್ದೇ ಸ್ಪ್ರಿಂಗ್ ತಯಾರಿಸುವ ಸ್ಟಂಪ್, ಶೂಲೆ ಅಂಡ್ ಸೋಮಪ್ಪ ಉದ್ಯಮದಿಂದ.

ಆಯುಧ ಸವೆಯುತ್ತದೆಂದು ಗುಂಡು ಹಾರಿಸುವ ಅಭ್ಯಾಸವನ್ನೇ ಮೊಟಕುಗೊಳಿಸುವುದು ಪರಿಹಾರವಲ್ಲ. ಅದು ಇನ್ನೂ ಅಪಾಯಕಾರಿ. ಅಭ್ಯಾಸದ ಬಹುಭಾಗವನ್ನು ಸಾಮಾನ್ಯ ಒತ್ತಡದ ಕಾಡತೂಸಿನಲ್ಲಿ ನಡೆಸಿ, ಕರ್ತವ್ಯಕ್ಕೆ ಕೊಡುವ ಕಾಡತೂಸಿನಲ್ಲೂ ಪಿಸ್ತೂಲು ತಡೆಯಿಲ್ಲದೆ ನಡೆಯುವುದನ್ನು ಆಗಾಗ ಖಚಿತಪಡಿಸಿಕೊಳ್ಳುವುದು ವಿವೇಕದ ದಾರಿ. ಒಂದು ಸ್ಪ್ರಿಂಗಿನ ಬೆಲೆ ಪಿಸ್ತೂಲಿನ ಬೆಲೆಯ ಮುಂದೆ ನಗಣ್ಯ. ಅದನ್ನು ಉಳಿಸಲು ಹೋಗಿ ಅಧಿಕಾರಿಯೊಬ್ಬರ ಪ್ರಾಣವನ್ನು ಪಣಕ್ಕಿಡುವುದು ಮಿತವ್ಯಯ ಎನಿಸಲಾರದು.